ಎಲ್ಲಕ್ಕೂ ಒಂದೇ 'ನೈಸ್'

ರಾಜರಾಜೇಶ್ವರಿನಗರದ ಕಮಾನನ್ನು ದಾಟಿ ದೇವಾಲಯದ ಕಡೆಗೆ ಸಾಗುವ ರಸ್ತೆಯಲ್ಲಿ ಭಾನುವಾರ ಸಂಜೆ ಒಂದು ಸುತ್ತು ಹಾಕಿದರೆ, ತೆರೆದ ಕಿಟಕಿಗಳಿಂದ ಒಂದೇ ಬಗೆಯ ಮಾತುಗಳು ಕೇಳಿಬರುವುದುಂಟು. "ಕೇಳಿಸ್ತಾ ಇದೆಯಾ ಮಗಳೇ? ಮುಖ ಕಾಣ್ತಾ ಇಲ್ಲ, ಫೋನ್ ಸ್ವಲ್ಪ ಮೇಲೆ ಹಿಡಿ." ಮಕ್ಕಳು ದೂರದೇಶಗಳಲ್ಲಿ ನೆಲೆಸಿ, ಹಿರಿಯರಿಬ್ಬರೇ ಮನೆ ಕಾಯುವ ಕುಟುಂಬಗಳು ನಮ್ಮ ಬಡಾವಣೆಯಲ್ಲಿ ಸಾಕಷ್ಟಿವೆ. ನಮ್ಮದೂ ಅಂಥದೊಂದು ಮನೆ. ಸಂಜೆಯ ಲಿಂಗಪೂಜೆ ಮುಗಿದು ನಮ್ಮ ಶ್ರೀಮತಿಯವರು ಹಜಾರಕ್ಕೆ ಬಂದು ಕುಳಿತರೆಂದರೆ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿರುವ ಮಗನ ಮನೆಯಲ್ಲಿ ಮಧ್ಯಾಹ್ನದ ಊಟ ಆಗಿರುತ್ತದೆ. ಏಳು ವರ್ಷದ ಮೊಮ್ಮಗಳು ಫೋನಿನ ಎದುರಿಗೆ ಬಂದು ನಿಲ್ಲುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುವುದು ಅಷ್ಟಕ್ಕಷ್ಟೆ, ಆಡಲು ಬರುವುದು ಅದಕ್ಕಿಂತಲೂ ಕಡಿಮೆ. ಅಜ್ಜಿಗೆ ಇಂಗ್ಲಿಷಿನ ಗತಿಯೂ ಹಾಗೆಯೇ. ಹೀಗಾಗಿ ಮೊಮ್ಮಗಳು ತಾನು ಬರೆದ ಚಿತ್ರಗಳನ್ನು ಒಂದೊಂದಾಗಿ ಎತ್ತಿ ಹಿಡಿಯುವುದು, ಅಜ್ಜಿ 'ನೈಸ್' ಎನ್ನುವುದು, ಇದೇ ಅವರಿಬ್ಬರ ಸಂಭಾಷಣೆಯಾಗಿತ್ತು.

ಹೋದ ವರ್ಷದ ಒಂದು ಭಾನುವಾರ ಮೊಮ್ಮಗಳು ಚಿತ್ರ ತರಲಿಲ್ಲ. ಮರುವಾರವೂ ತರಲಿಲ್ಲ. ಸೊಸೆಯನ್ನು ಕೇಳಿದಾಗ ಆಕೆ ತುಸು ಸಂಕೋಚದಿಂದಲೇ ವಿಷಯ ತಿಳಿಸಿದಳು: "ಅತ್ತೆ, ತಪ್ಪು ತಿಳೀಬೇಡಿ. 'ಅಜ್ಜಿ ಎಲ್ಲದಕ್ಕೂ ನೈಸ್ ಅಂತಾರೆ. ಅವರು ನನ್ನ ಚಿತ್ರ ನೋಡೋದೇ ಇಲ್ಲ ಅನ್ಸತ್ತೆ' ಅಂದಳು ಇವಳು."

ಶ್ರೀಮತಿಯವರು ಅಂದು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಕಣ್ಣಿಗೆ ಪೊರೆ ಬಂದು ಶಸ್ತ್ರಚಿಕಿತ್ಸೆಯಾದ ಮೇಲೂ ಕನ್ನಡಕ ಏರಿಸಿ, ಆ ಪುಟ್ಟ ಪರದೆಯಲ್ಲಿ ಮೊಮ್ಮಗಳ ಚಿತ್ರದ ಎಲೆ ಎಲೆಯನ್ನೂ ನೋಡುವವರು ಅವರು. ನೋಡಿದ್ದು ಮಗುವಿಗೆ ತಲುಪಿರಲಿಲ್ಲ, ಅಷ್ಟೆ. ತಲುಪಿಸಲು ಅವರ ಬಳಿ ಇದ್ದದ್ದು ಒಂದೇ ಪದ.

ಈ ಪ್ರಸಂಗವನ್ನು ಬಲ್ಲ ಕೆಲವರು, "ನಿಮ್ಮ ಅಂಕಣದಲ್ಲಿ ಇದನ್ನು ಬರೆಯಿರಿ, ನಮ್ಮ ಮನೆಗಳಲ್ಲೂ ಇದೇ ಕಥೆ" ಎಂದು ಒತ್ತಾಯಿಸಿದರು. ಮೊಮ್ಮಕ್ಕಳಿಗೆ ಕನ್ನಡ ಕಲಿಸಬೇಕಲ್ಲದೆ ಅಜ್ಜಿಯರು ಇಂಗ್ಲಿಷ್ ಕಲಿಯುವುದೆಂಥದು ಎಂದು ಆಕ್ಷೇಪಿಸುವವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಮಗು ಕನ್ನಡ ಕಲಿಯುವವರೆಗೆ ಅಜ್ಜಿ ಮೌನವಾಗಿರಲು ಸಾಧ್ಯವೇ? ಎಪ್ಪತ್ತರ ಗಡಿಯಲ್ಲಿರುವವರಿಗೆ ಕಾಯುವ ಕಾಲ ಬಹಳವಿರುವುದಿಲ್ಲ.

ನಮ್ಮ ಪೀಳಿಗೆಯವರು ಇಂಗ್ಲಿಷನ್ನು ಐದನೆಯ ತರಗತಿಯಲ್ಲಿ ಮೊದಲು ಕಂಡವರು. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರ ಸಾಲಿನಲ್ಲಿ. ತಿಪಟೂರಿನ ಕಡೆಯ ನಮ್ಮ ಶಾಲೆಯಲ್ಲಿ 'ಗುಡ್, ಬೆಟರ್, ಬೆಸ್ಟ್' ಎಂದು ಕೂಗಿ ಕೂಗಿ ಬಾಯಿಪಾಠ ಮಾಡಿದೆವು. ವಿಶೇಷಣವೆಂದರೇನು, ಅದು ನಾಮಪದದ ಹಿಂದೆ ಬರುತ್ತದೆಯೋ ಮುಂದೆಯೋ ಎಂಬುದನ್ನು ಬರೆದು ಅಂಕ ಗಳಿಸಿದೆವು. ಆದರೆ ಆ ವಿಶೇಷಣವನ್ನು ಹಿಡಿದು ಎದುರಿಗಿದ್ದವರಿಗೆ ಒಂದು ಒಳ್ಳೆಯ ಮಾತನ್ನಾಡಿದ ನೆನಪು ಯಾರಿಗೂ ಇಲ್ಲ. ನಮ್ಮ ಬಡಾವಣೆಯ ಮುಂದಿನ ಮೆಟ್ರೋ ನಿಲ್ದಾಣ ಜ್ಞಾನಭಾರತಿ. ಅಲ್ಲಿ 1963ರಲ್ಲಿ ಆರಂಭಗೊಂಡ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವುದು ಅದರ ಕೆಲಸ. ವ್ಯಾಕರಣವನ್ನು ಕಂಠಪಾಠ ಮಾಡಿಸುವುದಕ್ಕಿಂತ ಮಾತನಾಡಿಸುವುದು ಮುಖ್ಯವೆಂಬ ಬೋಧನೆ ಎಷ್ಟೋ ಶಾಲೆಗಳನ್ನು ತಲುಪಿರಬೇಕು. ನಮ್ಮ ಬಾಲ್ಯಕ್ಕೆ ಮಾತ್ರ ಅದು ಒದಗಲಿಲ್ಲ.

ಶ್ರೀಮತಿಯವರು ಸುಮ್ಮನೆ ಕೂರುವವರಲ್ಲ. ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಕರೆದು, ಹೊಗಳುವುದಕ್ಕೆ ಬರುವ ಇಂಗ್ಲಿಷ್ ಪದಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡರು. ಮಾರ್ವೆಲಸ್, ಸ್ಪ್ಲೆಂಡಿಡ್, ಮ್ಯಾಗ್ನಿಫಿಸೆಂಟ್, ಎಕ್ಸ್‌ಕ್ವಿಸಿಟ್ ಎಂದು ಇಪ್ಪತ್ತಕ್ಕೂ ಮಿಕ್ಕಿ ಪದಗಳು. ಅಡುಗೆಮನೆಯ ಗೋಡೆಗೆ ಆ ಹಾಳೆ ಅಂಟಿತು. ಸಾರಿಗೆ ಒಗ್ಗರಣೆ ಹಾಕುವಾಗ 'ಸ್ಪ್ಲೆಂಡಿಡ್' ಎಂಬ ಜಪ ಕೇಳಿಬರುತ್ತಿತ್ತು. ಮುಂದಿನ ಭಾನುವಾರ ಮೊಮ್ಮಗಳು ಕಾಲುಚೀಲ ಏರಿಸಿಕೊಳ್ಳುತ್ತ ಕಾಣಿಸಿದಳು. ಅಜ್ಜಿ ತಡಮಾಡದೆ, "ಯುವರ್ ಸಾಕ್ಸ್ ಆರ್ ಮ್ಯಾಗ್ನಿಫಿಸೆಂಟ್" ಎಂದರು. ಮಗು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಾಪ, ಕೆಟ್ಟ ನಗೆಯಲ್ಲ. ಆದರೆ ಅಜ್ಜಿಗೆ ಮಾತ್ರ, ಚಪ್ಪಲಿಗೆ ಕಿರೀಟ ತೊಡಿಸಿದಂತಾಯಿತೆಂದು ಆಮೇಲೆ ತಿಳಿಯಿತು. ಮ್ಯಾಗ್ನಿಫಿಸೆಂಟ್ ಎಂಬುದು ಮೈಸೂರಿನ ಅರಮನೆಗೆ, ಜೋಗದ ಜಲಪಾತಕ್ಕೆ ಸಲ್ಲುವ ಪದ.

ಇಲ್ಲಿಂದ ಈ ವಿಷಯವನ್ನು ನಾವೂ ಸ್ವಲ್ಪ ಶ್ರದ್ಧೆಯಿಂದ ಓದತೊಡಗಿದೆವು.

ಮೊದಲು ಆ 'ನೈಸ್' ಎಂಬುದರ ಜಾತಕ ನೋಡೋಣ. ಲ್ಯಾಟಿನ್ ಭಾಷೆಯಲ್ಲಿ 'ತಿಳಿಯದವನು' ಎಂಬ ಅರ್ಥವಿದ್ದ ಪದವೊಂದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ, ಸುಮಾರು 700 ವರ್ಷಗಳ ಹಿಂದೆ, ಅದಕ್ಕಿದ್ದ ಅರ್ಥ 'ಮೂರ್ಖ' ಎಂದು. ಆಮೇಲೆ ನಾಜೂಕು, ಸೂಕ್ಷ್ಮ ಎಂದೆಲ್ಲ ಬದಲಾಗುತ್ತ 18ನೆಯ ಶತಮಾನದಲ್ಲಿ 'ಹಿತವಾದದ್ದು' ಎಂಬ ಅರ್ಥಕ್ಕೆ ಬಂದು ನಿಂತಿತು. ಹಾಗೆ ನಿಂತದ್ದೇ ತಡ, ಜನ ಅದನ್ನು ಎಲ್ಲದಕ್ಕೂ ಬಳಸಲು ಹಿಡಿದರು. 1817ರಲ್ಲಿ ತೀರಿಕೊಂಡ ಆಂಗ್ಲ ಕಾದಂಬರಿಗಾರ್ತಿ ಜೇನ್ ಆಸ್ಟೆನ್, ತಮ್ಮ ಮರಣಾನಂತರ ಪ್ರಕಟವಾದ 'ನಾರ್ಥ್ಯಾಂಗರ್ ಅಬ್ಬೆ' ಎಂಬ ಕಾದಂಬರಿಯಲ್ಲಿ ಒಬ್ಬ ತರುಣನ ಬಾಯಿಂದ ಈ ಚಟವನ್ನು ಚೆನ್ನಾಗಿ ಪರಿಹಾಸ ಮಾಡಿಸಿದ್ದಾರೆ. ಅಂದರೆ ನಮ್ಮ ಮೊಮ್ಮಗಳ ದೂರು ಇನ್ನೂರು ವರ್ಷಗಳಷ್ಟು ಹಳೆಯದು.

ಪದಗಳು ಹೀಗೆ ಮಗುಚಿಕೊಳ್ಳುವುದು ಇಂಗ್ಲಿಷಿಗೆ ಮಾತ್ರ ಸೇರಿದ್ದಲ್ಲ. 'ಟೆರಿಫಿಕ್' ಎಂದರೆ ಮೂಲದಲ್ಲಿ ಭಯ ಹುಟ್ಟಿಸುವಂಥದು. ಈಗ ಅದು ಹೊಗಳಿಕೆ. ನಮ್ಮವರೂ 'ಹೋಳಿಗೆ ಭಯಂಕರ ಚೆನ್ನಾಗಿದೆ' ಎನ್ನುವುದಿಲ್ಲವೇ? ಹೋಳಿಗೆಯಲ್ಲಿ ಭಯಪಡುವಂಥದೇನಿದೆಯೋ ಆ ದೇವರೇ ಬಲ್ಲ.

ಓದುತ್ತ ಹೋದಂತೆ ನಮಗೆ ಅಚ್ಚರಿಯ ಸಂಗತಿಯೊಂದು ದೊರೆಯಿತು. ಅಮೆರಿಕದ ಜೋನ್ ಮಾನೆಸ್ ಮತ್ತು ನೆಸ್ಸಾ ವುಲ್ಫ್‌ಸನ್ ಎಂಬ ಇಬ್ಬರು ಭಾಷಾವಿದುಷಿಯರು ಜನರು ದಿನನಿತ್ಯ ಪರಸ್ಪರ ಆಡುವ ಮೆಚ್ಚುಗೆಯ ಮಾತುಗಳನ್ನು, ಸುಮಾರು 700ರಷ್ಟು, ಕೇಳಿ ಬರೆದುಕೊಂಡು 1981ರಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಶೇಷಣ ಹಿಡಿದು ಹೊಗಳಿದ ಮಾತುಗಳಲ್ಲಿ ಮೂರರಲ್ಲಿ ಎರಡು ಪಾಲು ಕೇವಲ ಐದು ಪದಗಳಲ್ಲೇ ಮುಗಿದಿದ್ದವು: ನೈಸ್, ಗುಡ್, ಬ್ಯೂಟಿಫುಲ್, ಪ್ರೆಟಿ, ಗ್ರೇಟ್. ಆ ಐದರಲ್ಲೂ ಮೊದಲ ಸ್ಥಾನ ನೈಸ್ ಎಂಬುದಕ್ಕೇ! ಇಂಗ್ಲಿಷನ್ನು ತಾಯಿಯ ಹಾಲಿನೊಡನೆ ಕುಡಿದವರೇ ಹೀಗೆ ಐದು ಪದಗಳಲ್ಲಿ ಸಂಸಾರ ನಡೆಸುತ್ತಿರುವಾಗ ನಮ್ಮ ಶ್ರೀಮತಿಯವರನ್ನು ದೂರುವುದೇತಕ್ಕೆ ಎಂದು ಅವರಿಗೆ ಓದಿ ಹೇಳಿದೆವು. ಅವರು ಕ್ಷಣಕಾಲ ಯೋಚಿಸಿ ಕೇಳಿದ ಪ್ರಶ್ನೆಗೆ ಆ ಲೇಖನದಲ್ಲಿ ನೇರ ಉತ್ತರ ನಮಗೆ ಸಿಗಲಿಲ್ಲ: "ಹಾಗಿದ್ರೆ ಅವರ ಮಕ್ಕಳು ಯಾಕೆ ಬೇಜಾರು ಮಾಡ್ಕೊಳ್ಳೋದಿಲ್ಲ?"

ನಮಗೆ ತೋಚಿದ ಉತ್ತರ ಇಷ್ಟು. ಆ ಜನ 'ನೈಸ್' ಎಂದ ಮೇಲೆ ಇನ್ನೆರಡು ಮಾತು ಸೇರಿಸುತ್ತಾರೆ. ಯಾವುದು ನೈಸ್, ಎಲ್ಲಿ ನೈಸ್ ಎಂದು ಬೆರಳಿಟ್ಟು ತೋರಿಸುತ್ತಾರೆ. ಹಾಗೆ ತೋರಿಸಲು ಭಾಷೆಯ ಬಲವಿಲ್ಲದವರಿಗೆ ಇಡೀ ಭಾರವನ್ನು ಒಂದು ವಿಶೇಷಣವೇ ಹೊರಬೇಕಾಗುತ್ತದೆ. ಆದುದರಿಂದ ನಮ್ಮಂಥವರಿಗೆ ಬೇಕಾದದ್ದು ದೊಡ್ಡ ಪದವಲ್ಲ, ವಸ್ತುವಿಗೆ ತಕ್ಕ ಪದ.

ಈ ತಕ್ಕ ಪದದ ಜ್ಞಾನ ಕನ್ನಡದಲ್ಲಿ ಅವರಿಗೆ ಧಾರಾಳವಾಗಿಯೇ ಇದೆ. 1991ರಿಂದ 'ಪ್ರಜಾವಾಣಿ'ಯಲ್ಲಿ ಬರುತ್ತಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಅಂಕಣವನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟುಕೊಂಡವರು ಅವರು. 2021ರಲ್ಲಿ ಆ ಹಿರಿಯರು 107ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಬಂಧುಗಳಲ್ಲೊಬ್ಬರು ಹೋದಂತೆ ಮರುಗಿದರು. ಮನೆ ಅಚ್ಚುಕಟ್ಟಾಗಿದೆ, ಸಾರು ಹದವಾಗಿದೆ, ಸೀರೆ ನಿನಗೆ ಒಪ್ಪುತ್ತದೆ, ಹುಡುಗಿ ಲಕ್ಷಣವಾಗಿದ್ದಾಳೆ, ಹುಡುಗ ಚೂಟಿ, ಮಾತು ತೂಕದ್ದು, ಬರವಣಿಗೆ ದುಂಡಗಿದೆ ಎನ್ನುವಾಗ ಅವರು ಎಲ್ಲಕ್ಕೂ 'ಚೆನ್ನಾಗಿದೆ' ಎಂದು ಸಾಗಹಾಕುತ್ತಾರೆಯೇ? ಇಲ್ಲ. ಹಾಗಾಗಿ ಗೋಡೆಯ ಹಾಳೆಯನ್ನು ಕಿತ್ತು, ಎರಡು ಗೆರೆಯ ನೋಟುಪುಸ್ತಕ ತಂದೆವು. ಎಡಕ್ಕೆ, ಆ ಸಂದರ್ಭದಲ್ಲಿ ಬಾಯಿಗೆ ಬರುವ ಕನ್ನಡ ಮಾತು. ಬಲಕ್ಕೆ, ಅದಕ್ಕೆ ಹತ್ತಿರದ ಇಂಗ್ಲಿಷ್. ದಿನಕ್ಕೆ ಒಂದೇ. ಅದೂ ಆ ದಿನ ಮನೆಯಲ್ಲಿ ನಡೆದ ಸಂಗತಿಗೆ ಸಂಬಂಧಿಸಿದ್ದು.

ಅಡುಗೆಯಿಂದಲೇ ಆರಂಭವಾಯಿತೆಂದು ಬೇರೆ ಹೇಳಬೇಕಿಲ್ಲ. ಇಡ್ಲಿ ಹೂವಿನಂತೆ ಅರಳಿದ್ದರೆ 'ಸಾಫ್ಟ್' ಅಥವಾ 'ಫ್ಲಫಿ'. ದೋಸೆ, ಸಂಡಿಗೆ, ಹಪ್ಪಳ ಗರಿಗರಿಯಾಗಿದ್ದರೆ 'ಕ್ರಿಸ್ಪ್' ಅಥವಾ 'ಕ್ರಿಸ್ಪಿ'. ಬಿಸಿಬಿಸಿಯಾಗಿ ಈಗತಾನೆ ಇಳಿಸಿದ್ದಕ್ಕೆ 'ಫ್ರೆಶ್'. ಘಮಘಮಕ್ಕೆ 'ಫ್ರೇಗ್ರಂಟ್'. ತುಪ್ಪ, ಗೋಡಂಬಿ ಹೆಚ್ಚಾಗಿ ಜಿಡ್ಡು ಜಿಡ್ಡಾಗಿದ್ದರೆ 'ರಿಚ್'. ಹೊಟ್ಟೆಗೆ ಹಗುರವಾದದ್ದಕ್ಕೆ 'ಲೈಟ್'. ಇನ್ನು 'ಹಾಟ್' ಎಂಬುದು ಬಿಸಿಗೂ ಸಲ್ಲುತ್ತದೆ, ಖಾರಕ್ಕೂ ಸಲ್ಲುತ್ತದೆ. ಆದುದರಿಂದ ಖಾರಕ್ಕೆ 'ಸ್ಪೈಸಿ' ಎನ್ನುವುದೇ ಕ್ಷೇಮ. 'ಡೆಲಿಷಸ್' ಎಂಬುದರಲ್ಲೇ ಬಹಳ ರುಚಿ ಎಂಬ ಅರ್ಥ ಅಡಗಿರುವುದರಿಂದ ಅದಕ್ಕೆ 'ವೆರಿ' ಜೋಡಿಸುವುದು ಅಷ್ಟು ಸರಿಹೋಗದು. 'ಎಕ್ಸಲೆಂಟ್', 'ವಂಡರ್‌ಫುಲ್', 'ಪರ್ಫೆಕ್ಟ್' ಮೊದಲಾದವೂ ಇದೇ ಪಂಗಡ. ಇವುಗಳನ್ನು ಹೆಚ್ಚಿಸಲೇಬೇಕೆಂದಿದ್ದರೆ 'ಆಬ್ಸಲ್ಯೂಟ್ಲಿ' ಎಂಬುದೊಂದಿದೆ.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಲವು ವರ್ಷಗಳ ಹಿಂದೆ ಮಗನ ಆಂಗ್ಲ ಸಹೋದ್ಯೋಗಿಯೊಬ್ಬರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ ಬಡಿಸಿದೆವು. ಅವರು ಒಂದು ತುತ್ತು ತಿಂದು, "ವೆರಿ ಇಂಟರೆಸ್ಟಿಂಗ್" ಎಂದರು. ಮೆಚ್ಚಿದರೆಂದು ಹಿಗ್ಗಿ ಶ್ರೀಮತಿಯವರು ಇನ್ನೆರಡು ಸೌಟು ಹಾಕಿದರು. ಊಟದ ವಿಷಯದಲ್ಲಿ ಇಂಗ್ಲೆಂಡಿನವರು 'ಇಂಟರೆಸ್ಟಿಂಗ್' ಎಂದರೆ ಅನೇಕ ವೇಳೆ ಅದು ಸಭ್ಯವಾಗಿ ಹಿಂದೆ ಸರಿಯುವ ಮಾತು ಎಂದು ಮಗ ಆಮೇಲೆ ತಿಳಿಸಿದ. ಆ ಮಹನೀಯರು ಮರುಮಾತಿಲ್ಲದೆ ಎಲ್ಲವನ್ನೂ ತಿಂದು ಮುಗಿಸಿದ್ದರು, ಅವರಿಗೆ ಶರಣು.

ಉಡುಗೆ ತೊಡುಗೆಯ ಮಾತು ಬಂದಾಗ ನಮ್ಮ ಹೆಣ್ಣುಮಕ್ಕಳ ನಾಲಿಗೆಯ ಮೇಲಿರುವುದು 'ಗ್ರ್ಯಾಂಡ್'. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ, ಅಗಲವಾದ ಜರಿಯ ಅಂಚಿಗೆ ಅದು ಹೊಂದುತ್ತದೆ. ಆದರೆ ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯಲ್ಲಿ 'ಗ್ರ್ಯಾಂಡ್' ಎಂದರೆ 'ಚೆನ್ನಾಗಿದೆ, ಸರಿಯಾಗಿದೆ' ಎಂಬಷ್ಟು ಸಾಧಾರಣ ಮಾತು. ಒಂದು ಲೋಟ ಚಹಾ ಕೂಡ ಅಲ್ಲಿ ಗ್ರ್ಯಾಂಡ್ ಆಗಬಹುದು. ಹತ್ತಿಯ ಇಳಕಲ್ ಸೀರೆಯನ್ನು ನೆರಿಗೆ ಕೂಡಿಸಿ ಉಟ್ಟವರಿಗೆ 'ಎಲಿಗೆಂಟ್' ಎನ್ನಬೇಕು. ಆಡಂಬರವಿಲ್ಲದ ಅಂದಕ್ಕೆ ಅದು ಒಪ್ಪುವ ಪದ. 'ಗಾರ್ಜಿಯಸ್' ಎಂಬುದು ಕಣ್ಣು ಕೋರೈಸುವುದಕ್ಕೆ. 'ಸ್ಮಾರ್ಟ್' ಎಂದರೆ ಬ್ರಿಟನ್ನಿನಲ್ಲಿ ಬಹುಮಟ್ಟಿಗೆ ಉಡುಪಿನ ಅಚ್ಚುಕಟ್ಟು, ಅಮೆರಿಕದಲ್ಲಿ ಬುದ್ಧಿಯ ಚುರುಕು. ಮನೆಯ ವಿಷಯದಲ್ಲಿ ಚಿಕ್ಕದಾಗಿ ಬೆಚ್ಚಗಿದ್ದರೆ 'ಕೋಜಿ', ಬೆಳಕು ತುಂಬಿದ್ದರೆ 'ಬ್ರೈಟ್', ವಿಶಾಲವಾಗಿದ್ದರೆ 'ಸ್ಪೇಷಸ್', ಒಪ್ಪ ಓರಣವಾಗಿದ್ದರೆ 'ನೀಟ್' ಅಥವಾ 'ಟೈಡಿ'. ಬ್ರಿಟನ್ನಿನಲ್ಲಿ ಏನೂ ತೋಚದಿದ್ದಾಗ ಕಾಪಾಡುವ ಪದ 'ಲವ್ಲಿ'. ಅಮೆರಿಕದ ಮಕ್ಕಳಿಗೆ ಆ ಸ್ಥಾನದಲ್ಲಿ 'ಆಸಮ್' ಇದೆ. ಇವೆರಡೂ ನೈಸ್ ಎಂಬುದರ ಅಕ್ಕತಂಗಿಯರೇ ಆದುದರಿಂದ ಅತಿಯಾಗಿ ನಂಬುವಂತಿಲ್ಲ.

ಎಡವುವುದು ಹೆಚ್ಚಾಗಿ ವ್ಯಕ್ತಿಗಳನ್ನು ಹೊಗಳುವಾಗ. ನಮ್ಮ ಪತ್ರಿಕೆಗಳ ವಧೂವರರ ಅಂಕಣಗಳಲ್ಲಿ ದಶಕಗಳಿಂದ ಮೆರೆಯುತ್ತಿರುವ ಪದ 'ಹೋಮ್ಲಿ'. ಮನೆವಾರ್ತೆ ಬಲ್ಲ, ಸದ್ಗೃಹಸ್ಥೆಯಾಗಬಲ್ಲ ಹುಡುಗಿ ಎಂಬುದು ನಮ್ಮ ಇಂಗಿತ. ಅಮೆರಿಕದಲ್ಲಿ ಆ ಪದಕ್ಕೆ 'ನೋಡಲು ಚೆನ್ನಾಗಿಲ್ಲದವಳು' ಎಂಬ ಅರ್ಥ! ಅಲ್ಲಿಯ ಬೀಗರಿಗೆ ಸೊಸೆಯನ್ನು ಪರಿಚಯಿಸುವಾಗ ಈ ಪದವನ್ನು ಬಳಸುವ ಮುನ್ನ ಎರಡು ಬಾರಿ ಯೋಚಿಸಬೇಕು. ದಪ್ಪಗಿರುವವರನ್ನು ನೋಯಿಸದಿರಲೆಂದು ನಾವು 'ಹೆಲ್ದಿ' ಎನ್ನುತ್ತೇವೆ. ಕೇಳಿದವರಿಗೆ ಅದು ಆರೋಗ್ಯದ ವರದಿಯಂತೆ ಕೇಳುತ್ತದೆ. 'ಸಿಂಪಲ್' ಎಂದರೆ ನಮಗೆ ಸರಳ ಜೀವಿ, ಅವರಿಗೆ ಬುದ್ಧಿ ಮಂದ ಎಂಬ ಛಾಯೆಯೂ ಉಂಟು. ಸರಳತೆಗೆ 'ಡೌನ್ ಟು ಅರ್ತ್' ಎನ್ನುವುದು ವಾಸಿ. 'ಕ್ಲೆವರ್' ಎಂಬುದು ಮಕ್ಕಳಿಗೆ ಹಿತ, ದೊಡ್ಡವರಿಗೆ ಹೇಳಿದಾಗ ಕೆಲವೊಮ್ಮೆ ಕಿಲಾಡಿತನದ ವಾಸನೆ ಹೊಡೆಯುತ್ತದೆ.

ಇನ್ನು 'ಫೇರ್'. ಮೈಬಣ್ಣವನ್ನು ಹಿಡಿದು ಹೊಗಳುವ ಈ ಪದವನ್ನು ನಮ್ಮ ಮನೆಗಳಿಂದ ಹೊರಗೆ ಕಳುಹಿಸಿದರೆ ನಷ್ಟವೇನಿಲ್ಲವೆಂದು ನಮ್ಮ ಅಭಿಪ್ರಾಯ. ದೇಶದ ಮನೆಮನೆಗಳಲ್ಲಿದ್ದ 'ಫೇರ್ ಅಂಡ್ ಲವ್ಲಿ' ಎಂಬ ಕ್ರೀಮಿನ ಹೆಸರೇ 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಎಂದು ಬದಲಾಯಿತು. ತೊಟ್ಟಿಲಲ್ಲಿರುವ ಕೂಸನ್ನು ನೋಡಿ 'ಅಮ್ಮನ ಹಾಗೆ ಬೆಳ್ಳಗಿಲ್ಲ' ಎನ್ನುವ ಬಂಧುಗಳು ಮಾತ್ರ ಇನ್ನೂ ಬದಲಾಗಿಲ್ಲ. ಮನುಷ್ಯರನ್ನು ಮೆಚ್ಚಲು ಬೇರೆ ಎಷ್ಟು ಪದಗಳಿವೆ! ಕೈಬಿಚ್ಚಿ ಕೊಡುವವರಿಗೆ 'ಜೆನೆರಸ್'. ಕೇಳದೆಯೇ ನಮ್ಮ ಅಗತ್ಯ ಅರಿತು ಮಾಡುವವರಿಗೆ 'ಥಾಟ್‌ಫುಲ್'. ಈ ಪದ ಶ್ರೀಮತಿಯವರಿಗೆ ಬಹಳ ಹಿಡಿಸಿತು. ನೆಂಟರ ಮನೆಯಲ್ಲಿ ಮಂಡಿನೋವಿನವರಿಗೆಂದು ನೆಲದ ಪಂಕ್ತಿಯ ಪಕ್ಕದಲ್ಲಿ ಕುರ್ಚಿ ಮೇಜು ಹಾಕಿಸಿದ್ದ ಸೊಸೆಯೊಬ್ಬಳನ್ನು ನೆನೆದು ನೋಟುಪುಸ್ತಕದಲ್ಲಿ ಆ ಪದದ ಎಡಕ್ಕೆ ಅವಳ ಹೆಸರನ್ನೇ ಬರೆದರು. ತಕ್ಕ ಕನ್ನಡ ಮಾತು ಆ ಕ್ಷಣಕ್ಕೆ ಹೊಳೆಯಲಿಲ್ಲವಂತೆ. ತಾಳ್ಮೆಯವರಿಗೆ 'ಪೇಷಂಟ್'. ಆದರೆ ಆಸ್ಪತ್ರೆಯ ರೋಗಿಗೂ ಅದೇ ಪದವಾದುದರಿಂದ, "ಯು ಆರ್ ಎ ಪೇಷಂಟ್" ಎಂದು ನಡುವೆ 'ಎ' ಸೇರಿಸಿದರೆ ತಾಳ್ಮೆಯವರು ರೋಗಿಯಾಗಿಬಿಡುತ್ತಾರೆ. ಒಂದು ಅಕ್ಷರದ ಮಹಿಮೆ!

ವಾಕ್ಯದ ಅಚ್ಚು ಕಷ್ಟದ್ದಲ್ಲ. ಮೇಲೆ ಹೇಳಿದ ವಿದುಷಿಯರು ಕಂಡಂತೆ ಮೆಚ್ಚುಗೆಯ ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು "ಯುವರ್ ಹೌಸ್ ಈಸ್ ಬ್ಯೂಟಿಫುಲ್", "ಯುವರ್ ಸಾರಿ ಲುಕ್ಸ್ ಎಲಿಗೆಂಟ್" ಎಂಬ ಒಂದೇ ಅಚ್ಚಿನವು. "ಐ ಲೈಕ್ ಯುವರ್ ಗಾರ್ಡನ್", "ದಟ್ ಈಸ್ ಎ ಲವ್ಲಿ ಪಿಕ್ಚರ್" ಎಂಬ ಇನ್ನೆರಡು ಸೇರಿಸಿದರೆ ಬಹುಪಾಲು ವ್ಯವಹಾರ ಮುಗಿಯಿತು. ಕನ್ನಡಿಗರಿಗೆ ವಿಶೇಷವಾಗಿ ಒದಗುವ ತೊಡಕೊಂದಿದೆ. 'ರುಚಿಯಾಗಿದೆ', 'ಚೆನ್ನಾಗಿ ಕಾಣುತ್ತದೆ', 'ಚೆನ್ನಾಗಿ ಹಾಡುತ್ತಾಳೆ' ಎಂದು ನಾವು ಎಲ್ಲ ಕಡೆಯೂ 'ಆಗಿ' ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಹಾಡುವುದಕ್ಕೆ 'ಬ್ಯೂಟಿಫುಲ್ಲಿ' ಎಂದು ಬಾಲ ಬೇಕು. ಕಾಣುವುದು, ರುಚಿಸುವುದು, ಘಮಿಸುವುದು ಇವಕ್ಕೆ ಬಾಲ ಕೂಡದು, ಬರಿಯ 'ಬ್ಯೂಟಿಫುಲ್', 'ಡೆಲಿಷಸ್' ಸಾಕು. ಹಾಗೆಯೇ "ಐ ಆಮ್ ಬೋರಿಂಗ್" ಎಂದರೆ ನಮಗೆ ಬೇಸರವಾಗಿದೆ ಎಂದಲ್ಲ, ನಾವೇ ಬೇಸರ ತರಿಸುವವರು ಎಂದು. ಈ ಅಂಕಣದ ಓದುಗರಲ್ಲಿ ಕೆಲವರು ಅದನ್ನು ಒಪ್ಪಲೂಬಹುದು.

ಮಕ್ಕಳನ್ನು ಹೊಗಳುವ ಬಗೆಗೆ ಒಂದು ಪ್ರತ್ಯೇಕ ಮಾತಿದೆ. ಅಮೆರಿಕದ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು ಐದನೆಯ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು 1998ರಲ್ಲಿ ಪ್ರಕಟಿಸಿದರು. ಒಗಟು ಬಿಡಿಸಿದ ಮೇಲೆ ಕೆಲವು ಮಕ್ಕಳಿಗೆ 'ನೀನು ಜಾಣ' ಎಂದೂ, ಕೆಲವರಿಗೆ 'ನೀನು ಚೆನ್ನಾಗಿ ಶ್ರಮಪಟ್ಟೆ' ಎಂದೂ ಹೇಳಲಾಯಿತು. ಜಾಣರೆನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದಿನ ಬಾರಿ ಸುಲಭದ ಒಗಟನ್ನೇ ಆರಿಸಿಕೊಂಡರು. ಶ್ರಮವನ್ನು ಹೊಗಳಿಸಿಕೊಂಡವರು ಕಷ್ಟದ್ದಕ್ಕೆ ಕೈ ಹಾಕಿದರು. ಆದುದರಿಂದ ಮೊಮ್ಮಕ್ಕಳಿಗೆ 'ಇಂಟೆಲಿಜೆಂಟ್' ಎಂಬುದಕ್ಕಿಂತ 'ಕೇರ್‌ಫುಲ್', 'ಪೇಷಂಟ್', 'ಬ್ರೇವ್', 'ಹೆಲ್ಪ್‌ಫುಲ್' ಎಂಬ ಪದಗಳು ಲೇಸೆಂದು ಕಾಣುತ್ತದೆ. ಚಿತ್ರಕ್ಕಾದರೆ 'ಕಲರ್‌ಫುಲ್', 'ಇಮ್ಯಾಜಿನೇಟಿವ್' ಇವೆ.

ಇಷ್ಟಾದರೂ ನಮ್ಮವರಿಗೆ ಹೊಗಳುವುದೆಂದರೆ ಒಂದು ಅಳುಕು. ಎಳೆಯ ಮಗುವನ್ನು ದುಂಡಗಿದೆ ಎಂದರೆ ದೃಷ್ಟಿಯಾದೀತು. ಗಂಡ ಹೆಂಡಿರು ಎದುರೆದುರಿಗೆ ಹೊಗಳಿಕೊಂಡರೆ ನೋಡಿದವರು ನಕ್ಕಾರು. ಹೊಗಳಿಸಿಕೊಂಡವರ ಪಾಡೂ ಸುಖವಲ್ಲ. "ಸೀರೆ ಬಹಳ ಚೆನ್ನಾಗಿದೆ" ಎಂದರೆ, "ಅಯ್ಯೋ, ಹಳೇದು, ಹತ್ತು ವರ್ಷ ಆಯ್ತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ "ಥ್ಯಾಂಕ್ ಯು" ಎಂದು ನಿಲ್ಲಿಸುವುದೇ ರೂಢಿ. ಹಳೆಯದೆಂದು ವಾದಿಸಿದರೆ ಮೆಚ್ಚಿದವರ ಕಣ್ಣನ್ನೇ ತಪ್ಪೆಂದಂತೆ ಆಗುತ್ತದೆ. ನಮ್ಮ ಈ ಅಳುಕಿನ ಹಿಂದೆ ವಿನಯವಿದೆ, ಸಂಸ್ಕಾರವೂ ಇದೆ. ಹೊಗಳಿಕೆಯನ್ನು ಚಿನ್ನದ ಶೂಲಕ್ಕೆ ಹೋಲಿಸಿದ ಬಸವಣ್ಣನವರ ವಚನವನ್ನು ಬಾಯಿಪಾಠ ಮಾಡಿ ಬೆಳೆದವರು ನಾವು. ಆದರೆ ಆ ವಚನದಲ್ಲಿ ಬಸವಣ್ಣನವರು ಹೆದರಿದ್ದು ತಮ್ಮನ್ನು ಹೊಗಳುವುದಕ್ಕೆ. ಮತ್ತೊಬ್ಬರ ಕಾಯಕವನ್ನು ಕಂಡು ಮೆಚ್ಚಲು ಅವರೆಂದೂ ಹಿಂಜರಿದವರಲ್ಲ. ಮೊಮ್ಮಗಳ ಚಿತ್ರಕ್ಕೆ ತಕ್ಕ ಪದ ಹುಡುಕುವುದನ್ನು ಮುಖಸ್ತುತಿಯೆನ್ನಲು ನಮಗೆ ಮನಸ್ಸು ಬರುವುದಿಲ್ಲ.

ನೋಟುಪುಸ್ತಕದಲ್ಲಿ ನಲವತ್ತು ಪದಗಳಾಗುವ ಹೊತ್ತಿಗೆ ಮೊಮ್ಮಗಳಿಗೆ ಶಾಲೆಯ ರಜೆ ಬಂತು. ಮಗ ಸೊಸೆ ಅವಳನ್ನು ಲಂಡನ್ನಿಗೆ ಕರೆದೊಯ್ದು, ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ತೋರಿಸಿಕೊಂಡು ಬಂದರು. ಮುಂದಿನ ಭಾನುವಾರ ಹುಡುಗಿ, ಬಹುಶಃ ಅಮ್ಮನ ಒತ್ತಾಯಕ್ಕೆ, ಒಂದು ಚಿತ್ರ ತಂದು ಅರೆಮನಸ್ಸಿನಿಂದ ಎತ್ತಿ ಹಿಡಿದಳು. ಪ್ರತಿಮೆ ಒಂದು ಪಕ್ಕಕ್ಕೆ ವಾಲಿತ್ತು. ಹಿಂದೆ ನದಿ, ಅದಕ್ಕೆ ಬೂದುಬಣ್ಣ ಬಳಿದಿತ್ತು. ಮೇಲೆ ಎರಡು ಹಕ್ಕಿ.

ನಾವು ಪಕ್ಕದಲ್ಲಿದ್ದು, ನೋಟುಪುಸ್ತಕದ 'ಇಮ್ಯಾಜಿನೇಟಿವ್' ಎಂಬುದರ ಮೇಲೆ ಬೆರಳಿಟ್ಟು ತೋರಿಸಿದೆವು. ಶ್ರೀಮತಿಯವರು ಅದನ್ನು ನೋಡಲೇ ಇಲ್ಲ. ಕನ್ನಡಕ ಸರಿಪಡಿಸಿಕೊಂಡು, ಪರದೆಯ ಹತ್ತಿರ ಬಾಗಿ, ಬಹಳ ಹೊತ್ತು ನೋಡಿ, ನಿಧಾನವಾಗಿ ಹೇಳಿದರು: "ದಿ ರಿವರ್ ಲುಕ್ಸ್ ಕೋಲ್ಡ್."

ಈ ಪದ ನಮ್ಮ ನಲವತ್ತರಲ್ಲಿ ಎಲ್ಲಿಯೂ ಇರಲಿಲ್ಲ. ಅದು ಹೊಗಳಿಕೆಯೂ ಅಲ್ಲ.

ಮಗುವಿನ ಕಣ್ಣು ಅರಳಿತು. ಹೌದು ಅಜ್ಜಿ, ಅಂದು ಭಯಂಕರ ಚಳಿ ಇತ್ತು, ಗಾಳಿ ಬೀಸುತ್ತಿತ್ತು, ಅಪ್ಪನ ಟೋಪಿ ಹಾರಿಹೋಯಿತು, ಹಕ್ಕಿಯೊಂದು ಬಂದು ಪ್ರತಿಮೆಯ ಮೇಲೆಯೇ ಕುಳಿತಿತ್ತು, ಅದನ್ನು ಬರೆಯಲು ಹೋಗಿ ಮೂಗು ಹಾಳಾಯಿತು ಎಂದು ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳತೊಡಗಿದಳು. ಅಜ್ಜಿಗೆ ಅರ್ಧ ಅರ್ಥವಾಯಿತು, ಅರ್ಧವನ್ನು ಸೊಸೆ ತಿಳಿಸಿದಳು. ಆಮೇಲೆ ಹುಡುಗಿ ಒಳಗೆ ಓಡಿಹೋಗಿ, ಎರಡು ತಿಂಗಳಿಂದ ಬರೆದು ಮುಚ್ಚಿಟ್ಟಿದ್ದ ಚಿತ್ರಗಳ ಕಟ್ಟನ್ನೇ ಹೊತ್ತುಕೊಂಡು ಬಂದಳು. ಒಲೆಯ ಮೇಲಿದ್ದ ಹಾಲು ಉಕ್ಕಿದ ವಾಸನೆ ಬಂದಾಗ ನಾವು ಎದ್ದು ಹೋಗಿ ಆರಿಸಿ ಬಂದೆವು. ಶ್ರೀಮತಿಯವರು ಕುಳಿತಲ್ಲಿಂದ ಏಳಲಿಲ್ಲ.